ತಿದ್ದಿದ ಸ್ಪಾರ್ಕ್ ಪ್ಲಗ್, ಮಿಸ್ಸಿಂಗ್ ಹೊಡೆಯುವ ಎಂಜಿನ್: ದೋಷ ಪತ್ತೆ ಮತ್ತು ನಿವಾರಣೆ

ಈ ಕೈಪಿಡಿಯನ್ನು 100ರಿಂದ 220 ಸಿಸಿವರೆಗಿನ, ಒಂದೇ ಸಿಲಿಂಡರಿನ ಪೆಟ್ರೋಲ್ ಬೈಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಪಿಕಪ್ ಹೆಚ್ಚಲಿ, ಮೈಲೇಜ್ ಬರಲಿ ಎಂಬ ಆಸೆಯಿಂದ ಸ್ಪಾರ್ಕ್ ಪ್ಲಗ್‌ನ ಅರ್ಥ್ ಕಡ್ಡಿಯನ್ನು ಅರದಿಂದ ಉಜ್ಜಿ ಗಿಡ್ಡ ಮಾಡುವುದು, ಗ್ಯಾಪ್ (ಕಿಡಿ ಹಾರುವ ಅಂತರ) ಹಿಗ್ಗಿಸುವುದು, ವಾಷರ್ ಸೇರಿಸಿ ಪ್ಲಗ್‌ನ ತೆರೆದ ಬಾಯಿಯನ್ನು ಮಿಶ್ರಣ ಒಳಬರುವ ಇನ್‌ಟೇಕ್ ವಾಲ್ವ್ ಕಡೆಗೆ ತಿರುಗಿಸುವುದು, ಬೇರೆ ಹೀಟ್ ರೇಂಜಿನ (ಶಾಖವನ್ನು ಹೆಚ್ಚು ಬೇಗ ಅಥವಾ ನಿಧಾನವಾಗಿ ಬಿಟ್ಟುಕೊಡುವ) ಪ್ಲಗ್ ಹಾಕುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇವುಗಳಲ್ಲಿ ಯಾವುದಾದರೊಂದು ನಡೆದ ಮೇಲೆ ಎಂಜಿನ್ ಮಿಸ್ಸಿಂಗ್ ಹೊಡೆಯತೊಡಗಿದರೆ (ನಡುನಡುವೆ ಬೆಂಕಿ ಹತ್ತದೆ ಮುಗ್ಗರಿಸತೊಡಗಿದರೆ), ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ, ಏರಿನಲ್ಲಿ ನಾಕಿಂಗ್ (ಎಂಜಿನ್ನಿನೊಳಗಿಂದ ಟಕಟಕ ಬಡಿತ) ಕೇಳಿಸಿದರೆ ಕಾರಣವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದು ಇಲ್ಲಿನ ವಿಷಯ.

ಕ್ರಮಕ್ಕೆ ಹೋಗುವ ಮೊದಲು ಒಂದು ಮಾತನ್ನು ಒಪ್ಪಿಕೊಂಡರೆ ಹುಡುಕಾಟ ಬಹಳಷ್ಟು ಹಗುರವಾಗುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣದಿಂದ ಬರುತ್ತದೆ. ಪ್ಲಗ್‌ನ ಕೆಲಸ ಆ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಬೆಂಕಿ ಹಚ್ಚುವುದು, ಅಷ್ಟೇ. ಪ್ರತಿ ಸಲವೂ ತಪ್ಪದೆ ಬೆಂಕಿ ಹತ್ತುತ್ತಿರುವ ಎಂಜಿನ್ನಿಗೆ ಇನ್ನೂ ದೊಡ್ಡ ಕಿಡಿ ಕೊಟ್ಟರೆ ಹೆಚ್ಚು ಶಕ್ತಿ ಬರುವುದಿಲ್ಲ. ಆದ್ದರಿಂದ ಪ್ಲಗ್ ತಿದ್ದಿದ ಕೂಡಲೇ ಗಾಡಿ ಎದ್ದು ಕಾಣುವಂತೆ ಸುಧಾರಿಸಿತು ಎಂದರೆ, ಅದಕ್ಕೆ ಮೊದಲು ಕೆಲವು ಸುತ್ತುಗಳಲ್ಲಿ ಬೆಂಕಿ ಹತ್ತುತ್ತಿರಲಿಲ್ಲ ಎಂದು ತಿಳಿಯಬೇಕು. ಹಳೆಯ ಪ್ಲಗ್ ಸವೆದಿರಬಹುದು, ಮಿಶ್ರಣ ತೆಳುವಾಗಿರಬಹುದು (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗಿರಬಹುದು), ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ ಕಾಯಿಲ್ ದುರ್ಬಲವಾಗಿರಬಹುದು. ತಿದ್ದುಪಡಿಯಿಂದ ಬಂದ ಸುಧಾರಣೆಯನ್ನೂ ಒಂದು ದೋಷಲಕ್ಷಣವೆಂದೇ ದಾಖಲಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಚೆನ್ನಾಗಿ ಓಡಿ, ಕೆಲವೇ ವಾರಗಳಲ್ಲಿ ಮತ್ತೆ ಕೆಡುವ ಬೈಕುಗಳ ಕಥೆ ಸಾಮಾನ್ಯವಾಗಿ ಇದೇ ಆಗಿರುತ್ತದೆ: ಮೂಲ ದೋಷ ಅಲ್ಲೇ ಇದ್ದು, ತಿದ್ದಿದ ಪ್ಲಗ್ ಅದನ್ನು ಸ್ವಲ್ಪ ಕಾಲ ಮುಚ್ಚಿಟ್ಟಿರುತ್ತದೆ.

ಅರ್ಥ್ ಕಡ್ಡಿ ಕತ್ತರಿಸಿದಾಗ ಆಗುವುದೇನು

ಮಾಮೂಲಿ ಪ್ಲಗ್‌ನಲ್ಲಿ ಅರ್ಥ್ ಕಡ್ಡಿ ನಡುವಿನ ಎಲೆಕ್ಟ್ರೋಡನ್ನು ಪೂರ್ತಿ ಆವರಿಸಿ ಬಾಗಿರುತ್ತದೆ. ಕಿಡಿ ಹಾರಿದಾಗ ಹುಟ್ಟುವ ಪುಟ್ಟ ಬೆಂಕಿಯ ಮೊಗ್ಗು ಈ ಎರಡು ಲೋಹದ ಮೈಗಳ ನಡುವೆ ಸಿಕ್ಕಿಕೊಂಡಿದ್ದು, ಬೆಳೆಯುವ ಮೊದಲೇ ತನ್ನ ಶಾಖದ ಒಂದು ಪಾಲನ್ನು ಅವುಗಳಿಗೆ ಬಿಟ್ಟುಕೊಡುತ್ತದೆ. ಕಡ್ಡಿಯ ತುದಿಯನ್ನು ನಡು ಎಲೆಕ್ಟ್ರೋಡಿನ ಅರ್ಧದವರೆಗೆ ಹಿಂದಕ್ಕೆ ತಂದರೆ ಆ ಮೊಗ್ಗಿನ ಒಂದು ಬದಿ ತೆರೆದುಕೊಳ್ಳುತ್ತದೆ. ಜೊತೆಗೆ ಹೊಸದಾಗಿ ಕತ್ತರಿಸಿದ ಅಂಚು ಚೂಪಾಗಿರುವುದರಿಂದ ಕಿಡಿ ಹಾರಲು ಬೇಕಾದ ವೋಲ್ಟೇಜ್ ತುಸು ಇಳಿಯುತ್ತದೆ. ಮಿಶ್ರಣ ತೆಳುವಾಗಿದ್ದು ಒತ್ತಡ ಕಡಿಮೆಯಿರುವ ಐಡಲ್‌ನಲ್ಲಿ ಮತ್ತು ಅರೆಬರೆ ಥ್ರಾಟಲ್‌ನಲ್ಲಿ ಇದರಿಂದ ಪ್ರಯೋಜನ ಕಾಣಬಹುದು. ಪೂರ್ತಿ ಥ್ರಾಟಲ್‌ನಲ್ಲಿ, ಅಂದರೆ ಜನ ನಿಜವಾಗಿ ಪಿಕಪ್ ಬಯಸುವ ಸ್ಥಿತಿಯಲ್ಲಿ, ಮಿಶ್ರಣ ದಟ್ಟವಾಗಿದ್ದು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ವ್ಯತ್ಯಾಸ ಇಲ್ಲವೆನ್ನುವಷ್ಟು ಸಣ್ಣದು.

ಬೆಲೆ ತೆರಬೇಕಾಗುವುದು ಬಾಳಿಕೆಯಲ್ಲಿ. ಕಿಡಿ ಯಾವಾಗಲೂ ಅತಿ ಚೂಪಾದ ಜಾಗವನ್ನೇ ಆರಿಸಿಕೊಳ್ಳುವುದರಿಂದ ಆ ಅಂಚೇ ಮೊದಲು ಕರಗಿ ದುಂಡಗಾಗುತ್ತದೆ. ಅರ್ಥ್ ಕಡ್ಡಿಯ ಒಳಗೆ ತಾಮ್ರದ ತಿರುಳು ಇರುವ ಪ್ಲಗ್‌ಗಳೂ ಇವೆ; ಅವುಗಳನ್ನು ಕತ್ತರಿಸಿದರೆ ಮೃದುವಾದ ತಾಮ್ರ ಹೊರಗೆ ತೆರೆದುಕೊಂಡು ಇನ್ನೂ ಬೇಗ ಸವೆಯುತ್ತದೆ. ನಡು ಎಲೆಕ್ಟ್ರೋಡಿನಲ್ಲಿ ಸೀಳು ಇರುವ, ಅರ್ಥ್ ಕಡ್ಡಿಯಲ್ಲಿ ಕಾಲುವೆ ಇರುವ ಪ್ಲಗ್‌ಗಳನ್ನು ಕಂಪನಿಗಳೇ ಮಾರುತ್ತವೆ. ಎನ್‌ಜಿಕೆಯ ವಿ ಆಕಾರದ ಸೀಳು ಮತ್ತು ಡೆನ್ಸೊದ ಯು ಆಕಾರದ ಕಾಲುವೆ ಬೆಂಕಿಯ ಮೊಗ್ಗಿಗೆ ಜಾಗ ಕೊಡುವ ಇದೇ ಉದ್ದೇಶವನ್ನು ಸಾಧಿಸಲು ಬಂದಂಥವು. ಆ ಕೆಲಸವನ್ನು ಅರದಿಂದ ಮನೆಯಲ್ಲಿ ಮಾಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಮೊದಲ ಪರೀಕ್ಷೆ: ಹಳೆಯ ಸ್ಥಿತಿಗೆ ಮರಳಿಸುವುದು

ಗ್ಯಾರೇಜಿಗೆ ಬಂದ ಬೈಕಿನ ಕಾಯಿಲ್, ಕಾರ್ಬೊರೇಟರ್ ಎಂದು ಕೈಹಾಕುವ ಮೊದಲು ತಯಾರಕರು ಸೂಚಿಸಿದ ಸಂಖ್ಯೆಯ ಹೊಸ ಪ್ಲಗ್ ಒಂದನ್ನು ಸೂಚಿಸಿದ ಗ್ಯಾಪ್‌ನಲ್ಲಿ ಹಾಕಿ ಓಡಿಸಬೇಕು. ಹಳೆಯ ಪ್ಲಗ್ ಎಸೆಯದೆ ಇಟ್ಟುಕೊಂಡಿದ್ದರೂ ಅದನ್ನು ಈ ಪರೀಕ್ಷೆಗೆ ಬಳಸಬಾರದು, ಏಕೆಂದರೆ ಅದೇ ಸವೆದಿದ್ದಿರಬಹುದು. ಹೊಸ ಪ್ಲಗ್‌ನಿಂದ ತೊಂದರೆ ಪೂರ್ತಿ ಹೋದರೆ ತಪ್ಪು ತಿದ್ದಿದ ಪ್ಲಗ್‌ನಲ್ಲಿದೆ. ತೊಂದರೆ ಕಡಿಮೆಯಾಗಿಯೂ ಪೂರ್ತಿ ಹೋಗದಿದ್ದರೆ ಪ್ಲಗ್ ಜೊತೆಗೆ ಇನ್ನೊಂದು ದೋಷ ಇದೆ. ಏನೂ ಬದಲಾಗದಿದ್ದರೆ ಪ್ಲಗ್ ವಿಚಾರ ಬಿಟ್ಟು ಮುಂದಕ್ಕೆ ಹೋಗಬಹುದು. ಇಷ್ಟು ಸರಳವಾದ, ನೂರಿನ್ನೂರು ರೂಪಾಯಿಯಲ್ಲಿ ಮುಗಿಯುವ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಏಕೋ ವಾಡಿಕೆಯಾಗಿಬಿಟ್ಟಿದೆ.

ಒಂದಕ್ಕಿಂತ ಹೆಚ್ಚು ಪ್ಲಗ್ ಇರುವ ಎಂಜಿನ್ನುಗಳಲ್ಲಿ ಎಚ್ಚರ ಬೇಕು. ಬಜಾಜ್ ಪಲ್ಸರ್‌ನ ಡಿಟಿಎಸ್-ಐ ಎಂಜಿನ್ನಿನಲ್ಲಿ ಎರಡು ಪ್ಲಗ್, ಎನ್‌ಎಸ್ 200ರಲ್ಲಿ ಮೂರು ಪ್ಲಗ್ ಇವೆ. ಅವುಗಳಲ್ಲಿ ಒಂದು ಪೂರ್ತಿ ಸತ್ತರೂ ಎಂಜಿನ್ ನಿಲ್ಲುವುದಿಲ್ಲ. ಪಿಕಪ್ ಕುಗ್ಗಿ, ಮೈಲೇಜ್ ಇಳಿದು ಸುಮ್ಮನೆ ಓಡುತ್ತಿರುತ್ತದೆ. ಸುಲಭವಾಗಿ ಕೈಗೆಟಕುವ ಪ್ಲಗ್ ಒಂದನ್ನೇ ತಿದ್ದಿ, ಮರೆಯಲ್ಲಿರುವುದನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಬೈಕುಗಳು ಬೇಕಾದಷ್ಟು ಸಿಗುತ್ತವೆ.

ಬಿಚ್ಚಿ ನೋಡುವ ಕ್ರಮ

ಎಂಜಿನ್ ತಣ್ಣಗಿರುವಾಗಲೇ ಪ್ಲಗ್ ಬಿಚ್ಚಬೇಕು. ಪ್ಲಗ್ ಕೂರುವ ಅಲ್ಯೂಮಿನಿಯಂ ಹೆಡ್ ಬಿಸಿಯಿದ್ದಾಗ ಬಲವಂತ ಮಾಡಿದರೆ ಥ್ರೆಡ್ ಕಿತ್ತುಬರುವ ಸಂಭವ ಹೆಚ್ಚು. ಕ್ಯಾಪ್ ತೆಗೆದ ಮೇಲೆ ಪ್ಲಗ್ ಸುತ್ತಲಿನ ಗುಂಡಿಯಲ್ಲಿ ಸೇರಿರುವ ಧೂಳು, ಮರಳನ್ನು ಗಾಳಿ ಹಾಯಿಸಿ ಹೊರಹಾಕಿ ಆಮೇಲೆ ಪ್ಲಗ್ ಪಾನ ಹಾಕಬೇಕು; ಇಲ್ಲವಾದರೆ ಆ ಮರಳು ನೇರ ಸಿಲಿಂಡರಿಗೆ ಬೀಳುತ್ತದೆ.

ಬಣ್ಣ ನೋಡುವ ವಿದ್ಯೆ ಹಳೆಯದು, ಆದರೆ ಅದನ್ನು ಈ ಕಾಲಕ್ಕೆ ಹೊಂದಿಸಿಕೊಳ್ಳಬೇಕು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ನೇ ಇಸವಿಯಲ್ಲಿ ನಿಂತಿತು. ಸೀಸ ಇದ್ದ ಕಾಲದಲ್ಲಿ, ನಡು ಎಲೆಕ್ಟ್ರೋಡನ್ನು ಸುತ್ತಿರುವ ಪಿಂಗಾಣಿಯ ಮೂತಿ ಗಟ್ಟಿ ಕಾಫಿ ಬಣ್ಣಕ್ಕಿರುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಆರೋಗ್ಯವಾಗಿರುವ ಪ್ಲಗ್ ತಿಳಿಗಂದು ಅಥವಾ ಬೂದು ಬಣ್ಣಕ್ಕೆ, ಕೆಲವೊಮ್ಮೆ ಬಹುತೇಕ ಬಿಳಿಯಾಗಿಯೇ ಕಾಣುತ್ತದೆ. ಅದನ್ನು ನೋಡಿ ಮಿಶ್ರಣ ತೆಳುವಾಗಿದೆ ಎಂದು ಕಾರ್ಬೊರೇಟರ್ ತಿರುಗಿಸುವುದು ತಪ್ಪಾಗುತ್ತದೆ. ಬಿಳುಪಿನ ಜೊತೆಗೆ ಪಿಂಗಾಣಿಯ ಮೇಲೆ ಗುಳ್ಳೆ ಎದ್ದಿದ್ದರೆ, ಎಲೆಕ್ಟ್ರೋಡಿನ ಅಂಚು ಕರಗಿದ್ದರೆ, ಲೋಹದ ಸಣ್ಣ ಮಣಿಗಳು ಅಂಟಿಕೊಂಡಿದ್ದರೆ ಮಾತ್ರ ಪ್ಲಗ್ ಮಿತಿಮೀರಿ ಕಾದಿದೆ ಎನ್ನಬಹುದು. ಬೆರಳಿಗೆ ಅಂಟುವ ಒಣ ಮಸಿ ದಟ್ಟ ಮಿಶ್ರಣದ ಅಥವಾ ಅತಿ ತಣ್ಣನೆಯ (ಶಾಖವನ್ನು ತೀರಾ ಬೇಗ ಬಿಟ್ಟುಕೊಡುವ) ಪ್ಲಗ್‌ನ ಗುರುತು. ಜಿಡ್ಡಾಗಿ ಹೊಳೆಯುವ ಕಪ್ಪು, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಬಂದ ಆಯಿಲ್ಲಿನದು. ಪೆಟ್ರೋಲಿಗೆ ಬೆರೆಸುವ ಕೆಲವು ದ್ರಾವಣಗಳಲ್ಲಿ ಕಬ್ಬಿಣದ ಸಂಯುಕ್ತ ಇರುತ್ತದೆ. ಅವನ್ನು ಹೆಚ್ಚು ಬಳಸಿದ ಬೈಕಿನ ಪ್ಲಗ್ ಇಟ್ಟಿಗೆ ಕೆಂಪಾಗಿರುತ್ತದೆ.

ಟ್ರಾಫಿಕ್ಕಿನಲ್ಲಿ ಐಡಲ್ ಓಡಿ ಬಂದ ಬೈಕಿನ ಪ್ಲಗ್ ತೋರಿಸುವುದು ಐಡಲ್ ಮಿಶ್ರಣದ ಬಣ್ಣವನ್ನು. ಪೂರ್ತಿ ಥ್ರಾಟಲ್‌ನ ಸ್ಥಿತಿ ತಿಳಿಯಬೇಕಾದರೆ ತೆರವಾದ ರಸ್ತೆಯಲ್ಲಿ ಒಂದಷ್ಟು ದೂರ ಭಾರದಲ್ಲಿ ಓಡಿಸಿ, ಕ್ಲಚ್ ಹಿಡಿದು, ಅದೇ ಕ್ಷಣ ಎಂಜಿನ್ ಆರಿಸಿ ಬದಿಗೆ ನಿಲ್ಲಿಸಿ ನೋಡಬೇಕು.

ಪಿಂಗಾಣಿಯ ಹೊರಭಾಗದಲ್ಲಿ, ಲೋಹದ ಕವಚಕ್ಕೆ ಅದು ಸೇರುವ ಕಡೆ, ಕಂದು ಬಣ್ಣದ ಬಳೆಯಂಥ ಕಲೆ ಕಂಡುಬರುತ್ತದೆ. ಪ್ಲಗ್ ಒಳಗಿನಿಂದ ಗ್ಯಾಸ್ ಸೋರುತ್ತಿದೆ ಎಂದು ಹೇಳಿ ಇದನ್ನು ತೋರಿಸಿಯೇ ಹೊಸ ಪ್ಲಗ್ ಮಾರುವವರಿದ್ದಾರೆ. ಹೆಚ್ಚಿನ ವೋಲ್ಟೇಜಿನ ಸುತ್ತ ಗಾಳಿಯಲ್ಲಿರುವ ಎಣ್ಣೆಯ ಕಣಗಳು ಪಿಂಗಾಣಿಗೆ ಅಂಟಿಕೊಂಡು ಆಗುವ ಕೊರೋನಾ ಕಲೆ ಇದು. ಇದರಿಂದ ಕಿಡಿಗೆ ಯಾವ ತೊಂದರೆಯೂ ಇಲ್ಲ. ತೊಂದರೆ ಕೊಡುವುದು ಪಿಂಗಾಣಿಯ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಪೆನ್ಸಿಲ್ಲಿನಿಂದ ಎಳೆದಂತಿರುವ ಕಪ್ಪು ಗೀರು. ಅದು ಕಿಡಿ ಗ್ಯಾಪ್‌ನಲ್ಲಿ ಹಾರದೆ ಹೊರಗಿನಿಂದಲೇ ಕವಚಕ್ಕೆ ಜಿಗಿದ ದಾರಿ. ಗ್ಯಾಪ್ ಹಿಗ್ಗಿಸಿದ ಪ್ಲಗ್‌ಗಳಲ್ಲಿ ಇದು ಮೇಲಿಂದ ಮೇಲೆ ಕಾಣುತ್ತದೆ, ಏಕೆಂದರೆ ಒಳಗೆ ದಾರಿ ಕಷ್ಟವಾದಷ್ಟೂ ವೋಲ್ಟೇಜ್ ಏರಿ ಹೊರಗೆ ಸುಲಭದ ದಾರಿ ಹುಡುಕುತ್ತದೆ. ಇಂಥ ಗೀರು ಕಂಡರೆ ಪ್ಲಗ್ ಕ್ಯಾಪ್ ಒಳಭಾಗದಲ್ಲಿಯೂ ಅದರ ಜೋಡಿ ಗೀರು ಇರುತ್ತದೆ, ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು.

ಕತ್ತರಿಸಿದ ತುದಿಯನ್ನು ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ಅರದ ಗೆರೆಗಳು, ಅಂಚಿನಲ್ಲಿ ಉಗುರಿನ ಸಿಪ್ಪೆಯಂತೆ ಎದ್ದಿರುವ ಲೋಹದ ಚೂರು ಸ್ಪಷ್ಟವಾಗಿ ಕಾಣುತ್ತವೆ. ಈ ತೆಳು ಚೂರು ಶಾಖವನ್ನು ಕಡ್ಡಿಗೆ ದಾಟಿಸಲಾರದೆ ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹಚ್ಚಬಲ್ಲದು. ಕಡ್ಡಿಯನ್ನು ಉಜ್ಜುವಾಗ ಒಳಗೆ ಬಿದ್ದ ಪುಡಿ ಪಿಂಗಾಣಿ ಮತ್ತು ಕವಚದ ನಡುವಿನ ಆಳದಲ್ಲಿ ಉಳಿದಿದ್ದರೆ ಅಲ್ಲಿಯೇ ಶಾರ್ಟ್ ಆಗುತ್ತದೆ. ಗ್ಯಾಪ್ ಹೊಂದಿಸಲು ಕಡ್ಡಿಯನ್ನು ಸುತ್ತಿಗೆಯಿಂದ ಕುಟ್ಟಿದ್ದರೆ, ಅಥವಾ ಸ್ಕ್ರೂಡ್ರೈವರನ್ನು ನಡು ಎಲೆಕ್ಟ್ರೋಡಿಗೆ ಆನಿಸಿ ಮೀಟಿದ್ದರೆ ಪಿಂಗಾಣಿಯ ಮೂತಿಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಬಿರುಕು ಬಿಟ್ಟ ಪ್ಲಗ್ ತಣ್ಣಗಿದ್ದಾಗ ಸರಿಯಾಗಿ ಓಡಿ ಬಿಸಿಯಾದ ಮೇಲೆ ಮಿಸ್ಸಿಂಗ್ ಕೊಡುವುದು ಸಾಮಾನ್ಯ. ಮರಳು ಹೊಡೆಯುವ ಯಂತ್ರದಲ್ಲಿ ಪ್ಲಗ್ ಕ್ಲೀನ್ ಮಾಡಿಸಿದ್ದರೂ ಆ ಆಳದಲ್ಲಿ ಮರಳು ಉಳಿದಿದೆಯೇ ಎಂದು ನೋಡಲೇಬೇಕು.

ಗ್ಯಾಪ್ ಅಳತೆಯಲ್ಲಿ ಆಗುವ ಮೋಸ

ಕಡ್ಡಿ ಕತ್ತರಿಸಿದ ಪ್ಲಗ್‌ನಲ್ಲಿ ಚಪ್ಪಟೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ತುದಿಯನ್ನು ನಡು ಎಲೆಕ್ಟ್ರೋಡಿನ ಅರ್ಧಕ್ಕೆ ನಿಲ್ಲಿಸುವ ಬದಲು ಅದರ ಅಂಚಿನಿಂದಲೂ ಹಿಂದಕ್ಕೆ ತೆಗೆದಿದ್ದರೆ ಕಿಡಿ ಓರೆಯಾಗಿ ಹಾರಬೇಕಾಗುತ್ತದೆ. ಎತ್ತರದಲ್ಲಿ 0.8 ಮಿ.ಮೀ. ಅಂತರ ಇದ್ದು, ತುದಿ ಅಂಚಿನಿಂದ 0.5 ಮಿ.ಮೀ. ಹಿಂದೆ ಸರಿದಿದ್ದರೆ ನಿಜವಾದ ದೂರ ಸುಮಾರು 0.94 ಮಿ.ಮೀ. ಆಗುತ್ತದೆ. ಗೇಜ್ ಮಾತ್ರ 0.8 ಎಂದೇ ತೋರಿಸುತ್ತದೆ. ಸವೆದು ಗುಳಿಬಿದ್ದ ಎಲೆಕ್ಟ್ರೋಡಿನ ಮೇಲೂ ಚಪ್ಪಟೆ ಪಟ್ಟಿ ಗುಳಿಯನ್ನು ದಾಟಿ ನಿಂತು ಕಡಿಮೆ ಅಳತೆ ಕೊಡುತ್ತದೆ. ದುಂಡು ತಂತಿಯ ಗೇಜನ್ನು ಕಿಡಿ ಹಾರುವ ಓರೆಯಲ್ಲೇ ಹಿಡಿದು ಅಳೆಯುವುದು ಸರಿಯಾದ ವಿಧಾನ.

ಗ್ಯಾಪ್ ಎಷ್ಟಿರಬೇಕು ಎಂಬುದನ್ನು ಆಯಾ ಬೈಕಿನ ಕೈಪಿಡಿಯಿಂದಲೇ ತಿಳಿಯಬೇಕು. ನಮ್ಮ ರಸ್ತೆಯ ಅನೇಕ ಬೈಕುಗಳಲ್ಲಿ ಕಾಣುವ ಎನ್‌ಜಿಕೆ ಸಿಪಿಆರ್8ಇಎ-9 ಎಂಬ ಸಂಖ್ಯೆಯಲ್ಲಿ ಕೊನೆಯ 9 ಎಂದರೆ ಕಂಪನಿಯಿಂದ ಬರುವಾಗ ಗ್ಯಾಪ್ 0.9 ಮಿ.ಮೀ. ಎಂದರ್ಥ. ಇದನ್ನು 1.2ಕ್ಕೆ ಹಿಗ್ಗಿಸಿದರೆ ಕಿಡಿ ಉದ್ದವಾಗುವುದು ನಿಜ, ಆದರೆ ಅದನ್ನು ಹಾರಿಸಲು ಬೇಕಾದ ವೋಲ್ಟೇಜ್ ಏರುತ್ತದೆ, ಸಿಲಿಂಡರಿನ ಒತ್ತಡ ಹೆಚ್ಚಾದಂತೆ ಅದು ಮತ್ತೂ ಏರುತ್ತದೆ. ಐಡಲ್‌ನಲ್ಲಿ ನಯವಾಗಿ ಓಡಿ, ಏರು ರಸ್ತೆಯಲ್ಲಿ ಅಥವಾ ಓವರ್‌ಟೇಕ್ ಮಾಡಲು ಥ್ರಾಟಲ್ ಪೂರ್ತಿ ತಿರುಗಿಸಿದ ಕೂಡಲೇ ಮುಗ್ಗರಿಸುವ ಬೈಕಿನಲ್ಲಿ ಮೊದಲು ಸಂಶಯಿಸಬೇಕಾದುದು ಹಿಗ್ಗಿದ ಗ್ಯಾಪನ್ನು.

ಕಿಡಿ, ಕ್ಯಾಪ್, ಕಾಯಿಲ್

ಪ್ಲಗ್ ಬಿಚ್ಚಿ, ಹೆಡ್ಡಿಗೆ ತಾಗಿಸಿ, ಕಿಕ್ ಹೊಡೆದು ನೀಲಿ ಕಿಡಿ ಕಂಡರೆ ಕರೆಂಟ್ ಸರಿಯಿದೆ ಎಂದು ತೀರ್ಮಾನಿಸುವುದು ಗ್ಯಾರೇಜುಗಳಲ್ಲಿ ಅತಿ ಹೆಚ್ಚು ನಡೆಯುವ ಅವಸರದ ತೀರ್ಪು. ಬಯಲಿನ ಗಾಳಿಯಲ್ಲಿ 0.8 ಮಿ.ಮೀ. ದಾಟಲು ಮೂರು ನಾಲ್ಕು ಸಾವಿರ ವೋಲ್ಟ್ ಸಾಕಾಗುತ್ತದೆ. ಒತ್ತಲ್ಪಟ್ಟ ಮಿಶ್ರಣದೊಳಗೆ ಅದೇ ದೂರಕ್ಕೆ ಅದರ ಹಲವು ಪಟ್ಟು ಬೇಕು. ಹೊರಗೆ ಕಿಡಿ ಬಾರದಿದ್ದರೆ ದೋಷ ಇದೆ ಎಂಬುದು ಖಚಿತ, ಆದರೆ ಹೊರಗೆ ಬಂದ ಕಿಡಿ ಒಳಗೂ ಬರುತ್ತದೆ ಎನ್ನಲಾಗದು. ಈ ಪರೀಕ್ಷೆ ಮಾಡುವಾಗ ಪ್ಲಗ್ ಕವಚ ಹೆಡ್ಡಿಗೆ ಗಟ್ಟಿಯಾಗಿ ತಾಗಿರಬೇಕು. ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಹೊರಚಿಮ್ಮುವುದರಿಂದ ಕಿಡಿಯನ್ನು ಅದರಿಂದ ದೂರ ಇಟ್ಟುಕೊಂಡಿರಬೇಕು, ಇಂಜೆಕ್ಷನ್ ಬೈಕಾದರೆ ಪಂಪಿನ ಫ್ಯೂಸ್ ತೆಗೆದಿರಬೇಕು. ಕ್ಯಾಪನ್ನು ಗಾಳಿಯಲ್ಲಿ ತೂಗುಬಿಟ್ಟು ಕಿಕ್ ಹೊಡೆಯಲೇಬಾರದು. ದಾರಿ ಸಿಗದ ವೋಲ್ಟೇಜ್ ಕಾಯಿಲಿನ ಒಳಗಿನ ಇನ್ಸುಲೇಷನ್ ಸೀಳಿಕೊಂಡು ಹೋಗುತ್ತದೆ, ಕಾಯಿಲನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಸಿಡಿಐ ಸುಡುವುದೂ ಉಂಟು.

ಮಲ್ಟಿಮೀಟರ್ ಇದ್ದರೆ ಮೂರು ಅಳತೆಗಳು ಸಾಕು. ಸಂಖ್ಯೆಯಲ್ಲಿ ಆರ್ ಅಕ್ಷರ ಇರುವ ಪ್ಲಗ್‌ನ ಒಳಗೆ ರೆಸಿಸ್ಟರ್ ಇರುತ್ತದೆ. ಮೇಲಿನ ತುದಿಯಿಂದ ನಡು ಎಲೆಕ್ಟ್ರೋಡಿಗೆ ಅಳೆದರೆ ಸುಮಾರು 5 ಕಿಲೊ ಓಮ್ ಬರಬೇಕು. ಮೇಲಿನ ತುದಿಯಿಂದ ಲೋಹದ ಕವಚಕ್ಕೆ ಅಳೆದರೆ ಏನೂ ತೋರಿಸಬಾರದು. ಕೆಲವು ನೂರು ಕಿಲೊ ಓಮ್ ತೋರಿಸಿದರೆ ಮಸಿ ಅಥವಾ ಲೋಹದ ಪುಡಿಯ ಮೂಲಕ ಕರೆಂಟ್ ಸೋರುತ್ತಿದೆ. ಮೂರನೆಯದು ಪ್ಲಗ್ ಕ್ಯಾಪ್. ಇದೂ ಸಾಮಾನ್ಯವಾಗಿ 5 ಕಿಲೊ ಓಮ್ ಆಸುಪಾಸಿನದು. ತೀರಾ ಹೆಚ್ಚು ತೋರಿಸಿದರೆ, ಅಥವಾ ಕ್ಯಾಪ್ ಅಲುಗಿಸಿದಾಗ ಅಂಕಿ ಕುಣಿದರೆ ಕ್ಯಾಪ್ ಬಿಚ್ಚಿ, ಕಾಯಿಲಿನಿಂದ ಕ್ಯಾಪಿಗೆ ಬರುವ ಎಚ್‌ಟಿ ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರ ಸಿಗುವಂತೆ ಮಾಡಿ ಮತ್ತೆ ತಿರುಗಿಸಿ ಕೂರಿಸಬೇಕು. ವೈರ್ ಕಾಯಿಲಿನಲ್ಲೇ ಸೇರಿಹೋಗಿದ್ದು ಗಿಡ್ಡವಾಗಿದ್ದರೆ ಈ ಅವಕಾಶ ಒಂದೆರಡು ಸಲಕ್ಕಷ್ಟೇ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಮಿಸ್ಸಿಂಗ್ ಇದ್ದರೆ ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸುತ್ತ ವೈರಿನ ಮೇಲೆ ನೀರಿನ ತುಂತುರು ಸಿಂಪಡಿಸಿದರೆ ಸೋರುವ ಜಾಗ ನೀಲಿಯಾಗಿ ಮಿನುಗಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಆಗ ವೈರನ್ನು ಕೈಯಿಂದ ಮುಟ್ಟಬಾರದು.

ಕಿಡಿ ಬಲವಾಗಲಿ ಎಂದು ಆರ್ ಇಲ್ಲದ ಪ್ಲಗ್ ಹಾಕುವ, ಕ್ಯಾಪ್ ಒಳಗಿನ ರೆಸಿಸ್ಟರ್ ಕಿತ್ತು ತಂತಿ ತುರುಕುವ ಪದ್ಧತಿ ಪಾಯಿಂಟ್ಸ್ (ಕಿಡಿಯ ಕ್ಷಣವನ್ನು ನಿಗದಿಪಡಿಸುವ ಯಾಂತ್ರಿಕ ಸ್ವಿಚ್) ಇದ್ದ ಕಾಲದ ಬುಲೆಟ್, ಯೆಜ್ಡಿಗಳಲ್ಲಿ ನಡೆದುಹೋಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಇದೆ. ರೆಸಿಸ್ಟರ್ ಇಲ್ಲದ ಕಿಡಿಯ ರೇಡಿಯೊ ಗದ್ದಲ ಅದರ ಸೆನ್ಸರ್ ವೈರುಗಳಿಗೆ ನುಗ್ಗಿ ಆರ್‌ಪಿಎಂ ಮುಳ್ಳು ಕುಣಿಯುವುದು, ಕಾರಣವಿಲ್ಲದೆ ಎಂಜಿನ್ ಲ್ಯಾಂಪ್ ಹೊತ್ತುವುದು, ಓಡುತ್ತಲೇ ಕ್ಷಣಮಾತ್ರ ಎಂಜಿನ್ ಆರಿದಂತಾಗುವುದು ಕಂಡುಬರುತ್ತದೆ. ಇವುಗಳಿಗೆ ಇಸಿಯು ಬದಲಾಯಿಸಲು ಹೊರಡುವ ಮೊದಲು ಪ್ಲಗ್ ಸಂಖ್ಯೆಯಲ್ಲಿ ಆರ್ ಇದೆಯೇ ಎಂದು ಓದಿಕೊಳ್ಳಬೇಕು.

ಹೀಟ್ ರೇಂಜ್ ತಪ್ಪಿದಾಗ

ಪ್ಲಗ್‌ನ ಮೂತಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ತಲುಪಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ದಾಟಿ ಏರುತ್ತ ಹೋದರೆ ಕಿಡಿಗಿಂತ ಮೊದಲೇ ಬೆಂಕಿ ಹಚ್ಚುವ ಅಪಾಯ ಶುರುವಾಗುತ್ತದೆ. ಈ ಎರಡರ ನಡುವೆ ಮೂತಿಯನ್ನು ಇರಿಸುವುದೇ ಹೀಟ್ ರೇಂಜಿನ ಕೆಲಸ. ರೇಸಿನವರು ತಣ್ಣನೆಯ ಪ್ಲಗ್ ಹಾಕುತ್ತಾರೆಂದು ಪೇಟೆಯಲ್ಲಿ ಓಡುವ ಬೈಕಿಗೂ ಅದನ್ನೇ ಹಾಕಿದರೆ ಮೂತಿ ಎಂದೂ ಆ ಶಾಖ ತಲುಪದೆ ಮಸಿ ಕಟ್ಟಿ, ಬೆಳಗಿನ ಚಳಿಯಲ್ಲಿ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯುತ್ತದೆ. ಬಿಸಿ ಪ್ಲಗ್ ಹಾಕಿದರೆ ಸ್ಟಾರ್ಟಿಂಗ್ ಚೆನ್ನಾಗಿರುತ್ತದೆ, ಆದರೆ ಚಾರ್ಮಾಡಿಯಂಥ ಘಾಟಿಯನ್ನು ಇಬ್ಬರು ಕುಳಿತು ಹತ್ತುವಾಗ ನಾಕಿಂಗ್ ಕೇಳಿಸುತ್ತದೆ. ಮೊದಲಿನದು ಬರೀ ಕಿರಿಕಿರಿ. ಎರಡನೆಯದು ಪಿಸ್ಟನ್ ತೂತು ಮಾಡಬಲ್ಲದು. ಆದ್ದರಿಂದ ನಾಕಿಂಗ್ ದೂರಿನೊಂದಿಗೆ ಬಂದ ಬೈಕಿನಲ್ಲಿ ಸಂಖ್ಯೆ ತಪ್ಪಿದ ಪ್ಲಗ್ ಕಂಡರೆ ಅದನ್ನು ಬದಲಾಯಿಸದೆ ಒಂದು ಕಿಲೊಮೀಟರ್ ಕೂಡ ಓಡಿಸಬಾರದು.

ಸಂಖ್ಯೆ ಓದುವಾಗ ಗೊಂದಲವಾಗಲು ಕಾರಣವಿದೆ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣನೆಯದು. 8ಕ್ಕಿಂತ 9 ತಣ್ಣಗೆ. ಬಾಷ್‌ನಲ್ಲಿ ಇದು ತಿರುಗುಮುರುಗು. 7ಕ್ಕಿಂತ 5 ತಣ್ಣಗೆ. ಬೆಂಗಳೂರಿನ ಆಡುಗೋಡಿಯ ಮೈಕೊ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ, ಹಿಂದೆ ಮಾರುತ್ತಿದ್ದ ಡಬ್ಲ್ಯು175, ಡಬ್ಲ್ಯು225 ಪ್ಲಗ್‌ಗಳ ಹಳೆಯ ಕ್ರಮದಲ್ಲಿ ಮತ್ತೆ ದೊಡ್ಡ ಅಂಕಿಯೇ ತಣ್ಣನೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಯೆಜ್ಡಿಗಳನ್ನು ಇಂದಿಗೂ ಓಡಿಸುವವರ ಪೆಟ್ಟಿಗೆಗಳಲ್ಲಿ ಈ ಪ್ಲಗ್‌ಗಳು ಉಳಿದಿರಬಹುದು. ಅವುಗಳ ಮೇಲೆ ಬರೆದ ಅಂಕಿಯನ್ನು ಇಂದಿನ ಕ್ರಮದಲ್ಲಿ ಓದಿದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಉದ್ದ, ವಾಷರ್, ಬಿಗಿತ

ಸಿಪಿಆರ್8ಇಎ-9ರಲ್ಲಿ ಸಿ ಎಂದರೆ 10 ಮಿ.ಮೀ. ಥ್ರೆಡ್, ಇ ಎಂದರೆ 19 ಮಿ.ಮೀ. ಉದ್ದ. ಇದರ ಜಾಗದಲ್ಲಿ ಎಚ್ ಅಕ್ಷರದ 12.7 ಮಿ.ಮೀ. ಪ್ಲಗ್ ಕೂಡ ತಿರುಗಿ ಕೂರುತ್ತದೆ, ಓಡುತ್ತದೆ ಕೂಡ. ಆದರೆ ಕಿಡಿ ಗುಂಡಿಯೊಳಗೆ ಹುದುಗಿ, ಖಾಲಿ ಉಳಿದ ಥ್ರೆಡ್ಡಿನಲ್ಲಿ ಮಸಿ ತುಂಬಿ, ಮುಂದೆ ಸರಿಯಾದ ಪ್ಲಗ್ ಹಾಕುವಾಗ ಹೆಡ್ಡಿನ ಥ್ರೆಡ್ ಕೀಳುತ್ತದೆ. ಇದಕ್ಕೆ ವಿರುದ್ಧವಾಗಿ ಗಿಡ್ಡ ಪ್ಲಗ್‌ನ ಜಾಗಕ್ಕೆ ಉದ್ದದ್ದು ಹೋದರೆ ಪಿಸ್ಟನ್ ಅದಕ್ಕೆ ಬಡಿಯುತ್ತದೆ. ಪ್ಲಗ್ ಹಾಕಿದ ಮೇಲೆ ಕಿಕ್ಕರನ್ನು ಕೈಯಿಂದ ನಿಧಾನ ಒತ್ತಿ ಒಂದು ಸುತ್ತು ಸಲೀಸಾಗಿ ತಿರುಗುತ್ತದೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ಪ್ಲಗ್‌ನ ತೆರೆದ ಬಾಯಿಯನ್ನು ಇನ್‌ಟೇಕ್ ವಾಲ್ವ್ ಕಡೆಗೆ ತಿರುಗಿಸುವವರು ಪಿಂಗಾಣಿಯ ಮೇಲೆ ಮಾರ್ಕರಿನಿಂದ ಗುರುತು ಮಾಡಿಕೊಂಡು, ಬೇರೆ ಬೇರೆ ದಪ್ಪದ ತಾಮ್ರದ ವಾಷರ್ ಹಾಕಿ ಹೊಂದಿಸುತ್ತಾರೆ. 10 ಮಿ.ಮೀ. ಪ್ಲಗ್‌ನ ಥ್ರೆಡ್ ಒಂದು ಸುತ್ತಿಗೆ 1 ಮಿ.ಮೀ. ಇಳಿಯುವುದರಿಂದ ಕಾಲು ಸುತ್ತಿಗೆ 0.25 ಮಿ.ಮೀ. ದಪ್ಪ ಬೇಕು. ಈ ಲೆಕ್ಕ ಸರಿ. ಎಡವುವುದು ಎರಡು ಹಳೆಯ ವಾಷರ್‌ಗಳನ್ನು ಒಂದರ ಮೇಲೊಂದು ಹಾಕಿದಾಗ, ಅಥವಾ ಗುರುತು ಸರಿಯಾದ ಕಡೆ ಬರಲಿ ಎಂದು ಪ್ಲಗ್ಗನ್ನು ಸಡಿಲವಾಗಿಯೇ ಬಿಟ್ಟಾಗ. ಪ್ಲಗ್ ತನ್ನ ಶಾಖದ ಹೆಚ್ಚಿನ ಪಾಲನ್ನು ಥ್ರೆಡ್ ಮತ್ತು ವಾಷರ್ ಮೂಲಕವೇ ಹೆಡ್ಡಿಗೆ ಬಿಟ್ಟುಕೊಡುತ್ತದೆ. ಸಡಿಲ ಪ್ಲಗ್ ಕಾದು, ಸಂಖ್ಯೆ ಸರಿಯಿದ್ದರೂ ಬಿಸಿ ಪ್ಲಗ್‌ನಂತೆ ವರ್ತಿಸುತ್ತದೆ. ಬುಡದಲ್ಲಿ ಸೋಪಿನ ನೀರು ಹಚ್ಚಿ ಕಿಕ್ ಹೊಡೆದರೆ ಗುಳ್ಳೆ ಏಳುವುದು ಇದರ ನೇರ ಸಾಕ್ಷಿ.

ಬಿಗಿಯುವ ಅಳತೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 10 ಮಿ.ಮೀ. ಪ್ಲಗ್‌ಗೆ 10ರಿಂದ 12, 12 ಮಿ.ಮೀ.ಗೆ 15ರಿಂದ 20, 14 ಮಿ.ಮೀ.ಗೆ 25ರಿಂದ 30 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರು ಕೈಯಿಂದ ಪೂರ್ತಿ ಕೂರಿಸಿ, ಹೊಸ ವಾಷರಾದರೆ ಪಾನದಿಂದ ಅರ್ಧ ಸುತ್ತು, ಒಮ್ಮೆ ಬಳಸಿ ಚಪ್ಪಟೆಯಾದ ವಾಷರಾದರೆ ಸುತ್ತಿನ ಹನ್ನೆರಡನೇ ಒಂದು ಭಾಗ ತಿರುಗಿಸಿದರೆ ಸಾಕು. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಅದೇ ಬಲಕ್ಕೆ ಹೆಚ್ಚು ಬಿಗಿದು ಥ್ರೆಡ್ ಕೀಳುವ ಸಾಧ್ಯತೆ ಇದೆ. ಥ್ರೆಡ್ ಹೋಗಿಯೇ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸುವುದೊಂದೇ ದಾರಿ, ಟೇಪ್ ಸುತ್ತಿ ಕೂರಿಸುವುದು ದಾರಿಯಲ್ಲ.

ಇರಿಡಿಯಂ ಪ್ಲಗ್‌ಗಳನ್ನು ಅರ, ಎಮರಿ ಪೇಪರ್, ತಂತಿ ಬ್ರಷ್ಷಿನಿಂದ ಮುಟ್ಟಲೇಬಾರದು. ಅವುಗಳ ನಡು ಎಲೆಕ್ಟ್ರೋಡ್ 0.4ರಿಂದ 0.6 ಮಿ.ಮೀ. ದಪ್ಪದ್ದು, ಮೀಟಿದರೆ ಮುರಿಯುತ್ತದೆ. ಅರ್ಥ್ ಕಡ್ಡಿಯಲ್ಲಿ ಪ್ಲಾಟಿನಂ ಚಿಪ್ಪು ಇದ್ದರೆ ಕತ್ತರಿಸಿದಾಗ ದುಡ್ಡು ಕೊಟ್ಟ ಭಾಗವೇ ಕೆಳಗೆ ಬೀಳುತ್ತದೆ.

ಪ್ಲಗ್ ಸರಿಯಿದ್ದೂ ದೋಷ ಉಳಿದರೆ

ಈಗ ತಿದ್ದುಪಡಿಯಿಂದ ಮೊದಲು ಸುಧಾರಿಸಿ ಆಮೇಲೆ ಕೆಟ್ಟ ಬೈಕಿನ ಮೂಲ ದೋಷಕ್ಕೆ ಬರಬಹುದು. ಕಾರ್ಬೊರೇಟರಿನ ಹಳೆಯ ಬೈಕುಗಳಲ್ಲಿ ನಾನು ಮೊದಲು ನೋಡುವುದು ಮಿಶ್ರಣ ತೆಳುವಾಗಿದೆಯೇ ಎಂದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾದ, ಶೇಕಡ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಈಗ ಬಹುತೇಕ ಬಂಕುಗಳಿಗೆ ಬಂದಿದೆ. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಪಾಲು ಸಾಕು. ಇಂಜೆಕ್ಷನ್ ಬೈಕಿನಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಸರಿದೂಗಿಸುತ್ತದೆ. ಹಳೆಯ ಅಳತೆಯ ಜೆಟ್ ಇರುವ ಕಾರ್ಬೊರೇಟರಿಗೆ ಅದು ಗೊತ್ತಾಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ಐಡಲ್‌ನಲ್ಲಿ ಮಿಸ್ಸಿಂಗ್ ಬರುತ್ತದೆ, ಕಡ್ಡಿ ಕತ್ತರಿಸಿದ ಪ್ಲಗ್ ಹಾಕಿದರೆ ಅದು ಕಡಿಮೆಯಾಗುತ್ತದೆ, ಪ್ಲಗ್‌ನ ಚೂಪು ಸವೆದ ಮೇಲೆ ಮತ್ತೆ ಮರಳುತ್ತದೆ. ಚೋಕ್ ಸ್ವಲ್ಪ ಎಳೆದಾಗ ಎಂಜಿನ್ ನಯವಾದರೆ ಈ ಅನುಮಾನ ನಿಜವಾಗುತ್ತದೆ. ಆಗ ಐಡಲ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಸ್ವಚ್ಛ ಮಾಡಿ, ಮಿಶ್ರಣದ ಸ್ಕ್ರೂ ಹೊಂದಿಸಬೇಕು. ಕಾರ್ಬೊರೇಟರ್ ಮತ್ತು ಹೆಡ್ಡಿನ ನಡುವಿನ ರಬ್ಬರ್ ಬಿರುಕು ಬಿಟ್ಟಿದೆಯೇ ಎಂದು ಅದರ ಮೇಲೆ ನೀರು ಸಿಂಪಡಿಸಿ ನೋಡಬೇಕು. ನೀರು ಬಿದ್ದ ಕ್ಷಣ ಐಡಲ್ ಬದಲಾದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿದೆ. ತಿಂಗಳುಗಟ್ಟಲೆ ನಿಲ್ಲಿಸಿದ್ದ ಬೈಕಾದರೆ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟಿರುವ ಸಾಧ್ಯತೆಯನ್ನೂ ಮರೆಯುವಂತಿಲ್ಲ. ಬಿಸಿಯಾದ ಮೇಲೆ ಮಾತ್ರ ಐಡಲ್ ಕೆಡುತ್ತಿದ್ದರೆ ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಬಿಗಿಯಾಗಿದೆಯೇ ನೋಡಬೇಕು, ಪಾಯಿಂಟ್ಸ್ ಇರುವ ಹಳೆಯ ಬುಲೆಟ್ಟಿನಲ್ಲಿ ಪಾಯಿಂಟ್ಸ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇದೆಯೇ ನೋಡಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೂ ತಿದ್ದಿದ ಪ್ಲಗ್ ಲಾಭ ಕೊಡುತ್ತದೆಯೇ ಎಂದು ನೋಡುವ ಕುತೂಹಲ ಇರುವವರು ಒಂದೇ ಸಂಖ್ಯೆಯ ಎರಡು ಹೊಸ ಪ್ಲಗ್ ಕೊಂಡು, ಒಂದನ್ನು ಮಾತ್ರ ತಿದ್ದಿ, ಎರಡರ ಗ್ಯಾಪನ್ನೂ ತಂತಿಯ ಗೇಜಿನಿಂದ ಸಮ ಮಾಡಿಕೊಳ್ಳಬೇಕು. ಸಮತಟ್ಟಾದ, ವಾಹನವಿಲ್ಲದ ಒಂದೇ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ, ಗಂಟೆಗೆ 30ರಿಂದ 60 ಕಿಲೊಮೀಟರಿಗೆ ಏರಲು ಹಿಡಿಯುವ ಸಮಯವನ್ನು ಮೀಟರಿನ ಮೇಲೆ ಕಟ್ಟಿದ ಫೋನಿನಲ್ಲಿ ವಿಡಿಯೊ ಮಾಡಿ ಎಣಿಸಬೇಕು. ಗಾಳಿಯ ದಿಕ್ಕು ಲೆಕ್ಕ ಕೆಡಿಸದಂತೆ ಎರಡೂ ದಿಕ್ಕಿನಲ್ಲಿ ಹಲವು ಸಲ ಓಡಿಸಬೇಕು. ಪ್ಲಗ್ ಬದಲಿಸುವ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಎಲ್ಲ ಅಂಕಿಗಳನ್ನೂ ಬರೆದುಕೊಂಡು ಮುಗಿಯುವವರೆಗೆ ಒಳಗಿರುವುದು ಯಾವ ಪ್ಲಗ್ ಎಂಬುದು ಓಡಿಸುವವರಿಗೆ ಗೊತ್ತಾಗಬಾರದು.